ಎಪ್ಪತ್ತೈದು ರೂಪಾಯಿಯ ಕರಾರು

ಮುಂಬಯಿ ವಿಶ್ವವಿದ್ಯಾಲಯವು 1857ರಲ್ಲಿ ಸ್ಥಾಪನೆಯಾದ ಮೇಲಿನ ಎರಡು ದಶಕಗಳಲ್ಲಿ, ಬಿ.ಎ. ಪದವಿಯೆಂದರೆ ಸರ್ಕಾರಿ ನೌಕರಿಗೆ ದೊರೆತ ರಹದಾರಿ ಎಂಬ ನಂಬಿಕೆ ಮರಾಠಿ ಮತ್ತು ಕನ್ನಡ ಸೀಮೆಗಳ ಮಧ್ಯಮ ವರ್ಗದ ಮನೆಗಳಲ್ಲಿ ಗಟ್ಟಿಯಾಗಿ ಬೇರೂರಿತ್ತು. ಮಗನೊಬ್ಬನ ಓದಿಗಾಗಿ ಇಡೀ ಮನೆ ಹೊಟ್ಟೆಬಟ್ಟೆ ಕಟ್ಟುತ್ತಿದ್ದುದು ಆ ನಂಬಿಕೆಯ ಬಲದಿಂದಲೇ. ಇಂಥ ಕಾಲದಲ್ಲಿ, 1880ರ ಜನವರಿಯಲ್ಲಿ, ಸರ್ಕಾರಿ ಶಾಲೆಯ ಉಪಾಧ್ಯಾಯ ವೃತ್ತಿಯನ್ನು ಬಿಟ್ಟುಬಂದ ವಿಷ್ಣುಶಾಸ್ತ್ರಿ ಚಿಪಳೂಣಕರರು ಬಾಲ ಗಂಗಾಧರ ಟಿಳಕ ಮೊದಲಾದ ತರುಣ ಪದವೀಧರರೊಡನೆ ಪುಣೆಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲನ್ನು ತೆರೆದಾಗ, ಅವರು ಶಾಲೆಯ ಜೊತೆಗೆ ಹೊಸದೊಂದು ಸಂಬಳದ ಪದ್ಧತಿಗೂ ಅಡಿಪಾಯ ಹಾಕಿದರು. ಪದವೀಧರನು ತನಗೆ ಹೊರಗೆ ಸಿಗಬಹುದಾದ ವೇತನವನ್ನು ಬಿಟ್ಟು, ಸಂಸ್ಥೆಯು ಕೊಡಬಲ್ಲಷ್ಟನ್ನೇ ತಿಳಿದೂ ತಿಳಿದೂ ಒಪ್ಪಿಕೊಳ್ಳಬೇಕೆಂಬುದೇ ಆ ಪದ್ಧತಿಯ ತಿರುಳು.

ಚಿಪಳೂಣಕರರು 1882ರಲ್ಲಿ ಅಕಾಲದಲ್ಲಿ ತೀರಿಕೊಂಡರೂ ಪದ್ಧತಿ ಉಳಿಯಿತು. 1884ರಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿ ಸ್ಥಾಪನೆಯಾಗಿ, ಮರುವರ್ಷ ಫರ್ಗ್ಯುಸನ್ ಕಾಲೇಜು ತೆರೆದಾಗ ಅದಕ್ಕೆ ನಿಯಮದ ರೂಪವೂ ಬಂದಿತು. ‘ಆಜೀವ ಸದಸ್ಯ’ನೆಂದರೆ ಇಪ್ಪತ್ತು ವರ್ಷಗಳ ಕಾಲ ಸಂಸ್ಥೆಯಲ್ಲಿಯೇ ಕಲಿಸುವೆನೆಂದು ಬರೆದುಕೊಟ್ಟು, ತಿಂಗಳಿಗೆ 75 ರೂಪಾಯಿಯಷ್ಟು ವೇತನಕ್ಕೆ ಒಪ್ಪಿ, ಸಂಸ್ಥೆಯ ಆಡಳಿತದಲ್ಲಿ ಸಮಾನ ಪಾಲು ಪಡೆದ ಅಧ್ಯಾಪಕ. ಕೆಲವೇ ವರ್ಷಗಳ ತರುವಾಯ, 1896ರಲ್ಲಿ ರೂಪುಗೊಂಡ ಭಾರತೀಯ ಶಿಕ್ಷಣ ಸೇವೆಯಲ್ಲಿ ಇಂಗ್ಲೆಂಡಿನಿಂದ ನೇಮಕಗೊಂಡು ಬಂದ ಪ್ರಾಧ್ಯಾಪಕನ ಆರಂಭದ ಸಂಬಳವೇ ತಿಂಗಳಿಗೆ 500 ರೂಪಾಯಿಯಷ್ಟಿತ್ತೆಂಬುದನ್ನು ನೆನೆದರೆ, ಈ ತರುಣರು ಬಿಟ್ಟುಕೊಟ್ಟದ್ದರ ಅಳತೆ ಸಿಗುತ್ತದೆ. ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ 1899ರಲ್ಲಿ ಅಗ್ರಸ್ಥಾನ ಪಡೆದ ರಘುನಾಥ ಪರಾಂಜಪೆಯವರು ಸಹ ಇದೇ ಕರಾರಿಗೆ ಬದ್ಧರಾಗಿ ಫರ್ಗ್ಯುಸನ್ನಿಗೆ ಮರಳಿದರು.

ಕರಾರಿಗೆ ಸಹಿ ಹಾಕುತ್ತಿದ್ದವನು ಒಬ್ಬನಾದರೂ ಅದರ ಭಾರ ಹೊರುತ್ತಿದ್ದವರು ಹಲವರಿದ್ದರು. ಗೋಪಾಲ ಕೃಷ್ಣ ಗೋಖಲೆಯವರ ತರುಣ ದಿನಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 1879ರಲ್ಲಿ ತಂದೆ ತೀರಿಕೊಂಡಾಗ ಅಣ್ಣ ಗೋವಿಂದರಾಯರು ಓದನ್ನು ನಿಲ್ಲಿಸಿ ತಿಂಗಳಿಗೆ 15 ರೂಪಾಯಿಯ ಕೆಲಸಕ್ಕೆ ಸೇರಿದರು. ಅದರಲ್ಲಿ 8 ರೂಪಾಯಿ ಕೊಲ್ಲಾಪುರದಲ್ಲಿ ಓದುತ್ತಿದ್ದ ತಮ್ಮನಿಗೆ ಹೋಗುತ್ತಿತ್ತು, ಉಳಿದ 7 ರೂಪಾಯಿಯಲ್ಲಿ ಅಣ್ಣನ ಸಂಸಾರ ಸಾಗಬೇಕಿತ್ತು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ 1884ರಲ್ಲಿ, ಹದಿನೆಂಟನೆಯ ವಯಸ್ಸಿಗೇ ಬಿ.ಎ. ಮುಗಿಸಿದ ಆ ತಮ್ಮನು ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ಸಹಾಯಕ ಉಪಾಧ್ಯಾಯನಾಗಿ ಪಡೆದ ಆರಂಭದ ಸಂಬಳ 35 ರೂಪಾಯಿ. ಅಂದರೆ ಆ ಸಂಬಳ ಕೈಸೇರುವ ಮೊದಲೇ ಅದರ ಮೇಲೆ ಇನ್ನೊಂದು ಮನೆಯ ಹಕ್ಕಿತ್ತು. ಗೋಖಲೆಯವರು ನೌಕರಿ ಪರೀಕ್ಷೆಗೆ ಕೂರುವವರಿಗೆ ಖಾಸಗಿಯಾಗಿ ಪಾಠ ಹೇಳಿ ಕೊರತೆಯನ್ನು ತುಂಬಿಕೊಂಡರು. 1886ರಲ್ಲಿ ಆಜೀವ ಸದಸ್ಯರಾದ ಮೇಲೆ ಅವರು ಬರೆದ ಅಂಕಗಣಿತದ ಪಠ್ಯಪುಸ್ತಕವು ಶಾಲೆಗಳಲ್ಲಿ ಬಹುಕಾಲ ನಡೆದು, ಅದರ ಗೌರವಧನ, ಎಂದರೆ ಮಾರಾಟವಾದ ಪ್ರತಿಗಳ ಮೇಲೆ ಲೇಖಕನಿಗೆ ಸಲ್ಲುವ ಪಾಲು, ಅವರ ಸಂಸಾರಕ್ಕೆ ಆಸರೆಯಾಯಿತು. ತ್ಯಾಗದ ಚರಿತ್ರೆಗಳಲ್ಲಿ ಸಾಮಾನ್ಯವಾಗಿ ತಮ್ಮನ ಹೆಸರು ಮುಂದಿರುತ್ತದೆ. ಆದರೆ ಹದಿನೈದರಲ್ಲಿ ಎಂಟನ್ನು ಎತ್ತಿಕೊಟ್ಟ ಅಣ್ಣನೂ ಆ ಸಂಸ್ಥೆಯ ಸ್ಥಾಪಕರ ಸಾಲಿನಲ್ಲಿ ನಿಲ್ಲಬೇಕಾದವನೇ.

ಸೊಸೈಟಿಯು ಒಡೆದದ್ದು ಇದೇ ಹೊರಗಿನ ಗಳಿಕೆಯ ಪ್ರಶ್ನೆಯ ಸುತ್ತ. ಟಿಳಕರ ನಿಲುವು ಕಟ್ಟುನಿಟ್ಟಿನದಾಗಿತ್ತು: ಎಲ್ಲರಿಗೂ ಸಮಾನ ವೇತನವಿರಬೇಕು, ಸದಸ್ಯನ ಪೂರ್ಣ ಸಮಯ ಸಂಸ್ಥೆಗೇ ಸಲ್ಲಬೇಕು, ಹೊರಗೆ ದುಡಿದದ್ದು ಸಂಸ್ಥೆಯ ನಿಧಿಗೆ ಸೇರಬೇಕು. ಕ್ರೈಸ್ತ ಸನ್ಯಾಸಿಗಳ ಜೆಸ್ಯೂಟ್ ಸಂಘದ ಶಿಸ್ತು ಅವರ ಮುಂದಿದ್ದ ಮಾದರಿ. ಎಂ.ಎ. ಪದವಿಯ ಹೊಸ್ತಿಲಲ್ಲಿದ್ದಾಗಲೇ ತಾಯಿಗೆ ಪತ್ರ ಬರೆದು, ದೊಡ್ಡ ಸಂಬಳದ ಆಸೆ ಇಟ್ಟುಕೊಳ್ಳಬಾರದೆಂದೂ ಹೊಟ್ಟೆಗಾಗುವಷ್ಟರಲ್ಲಿ ತೃಪ್ತನಾಗಿ ಪರರ ಹಿತಕ್ಕೆ ಬಾಳುವೆನೆಂದೂ ತಿಳಿಸಿದ್ದ ಸಹಸದಸ್ಯ ಗೋಪಾಲ ಗಣೇಶ ಆಗರಕರರು, ಸಂಸಾರದ ಅನುಭವದ ನಂತರ, ವೇತನ ಹೆಚ್ಚಬೇಕೆಂದೂ ಬಿಡುವಿನ ವೇಳೆಯ ದುಡಿಮೆ ಸದಸ್ಯನ ಸ್ವಂತದ್ದೆಂದೂ ವಾದಿಸಿದರು. ಇವರಿಬ್ಬರಲ್ಲಿ ಒಬ್ಬರನ್ನು ಆದರ್ಶವಾದಿಯೆಂದೂ ಇನ್ನೊಬ್ಬರನ್ನು ಲೌಕಿಕರೆಂದೂ ವಿಂಗಡಿಸುವುದು ನ್ಯಾಯವಲ್ಲ. ಆಗರಕರರು ಕಡೆಯವರೆಗೂ ಸಂಸ್ಥೆಯಲ್ಲಿಯೇ ಉಳಿದು, ಅದರ ಪ್ರಿನ್ಸಿಪಾಲರಾಗಿದ್ದಾಗಲೇ, ನಲವತ್ತು ತುಂಬುವ ಮೊದಲೇ, 1895ರಲ್ಲಿ ತೀರಿಕೊಂಡರು. ಟಿಳಕರು 1890ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದು, ಕಾನೂನು ಪರೀಕ್ಷೆಯ ತರಗತಿಗಳನ್ನು ನಡೆಸಿ ಜೀವನೋಪಾಯ ಕಂಡುಕೊಂಡರು. ಸಮಾನತೆಯ ವಿಷಯದಲ್ಲಿ ಟಿಳಕರ ಮಾತೇ ಸರಿಯಾಗಿತ್ತೆಂದು ತೋರುತ್ತದೆ. ಆದರೆ ಎಪ್ಪತ್ತೈದು ರೂಪಾಯಿ ಎಲ್ಲರಿಗೂ ಸಮವಾಗಿದ್ದರೂ ಅದನ್ನು ನೆಚ್ಚಿದ ಬಾಯಿಗಳು ಸಮವಾಗಿರಲಿಲ್ಲವೆಂಬುದಕ್ಕೆ ಆ ನಿಲುವಿನಲ್ಲಿ ಉತ್ತರವಿರಲಿಲ್ಲ.

ಈ ಪದ್ಧತಿಯು ಕನ್ನಡ ನಾಡನ್ನು ತಲುಪಿದ್ದು ಸಹಜವಾಗಿಯೇ. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಮುಂಬಯಿ ಪ್ರಾಂತದ ಕನ್ನಡಿಗರು ಪದವಿಗಾಗಿ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಆಲೂರು ವೆಂಕಟರಾಯರೂ ದ.ರಾ. ಬೇಂದ್ರೆಯವರೂ ಓದಿದ್ದು ಫರ್ಗ್ಯುಸನ್ನಿನಲ್ಲಿ. ಬೆಳಗಾವಿಯಲ್ಲಿ 1916ರ ನವೆಂಬರಿನಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ಜನರ ಬಾಯಲ್ಲಿ ಕೆ.ಎಲ್.ಇ., ಹುಟ್ಟಿದಾಗ ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ ಮೊದಲಾದ ಅದರ ಸ್ಥಾಪಕರು ‘ಸಪ್ತರ್ಷಿ’ಗಳೆನಿಸಿದರು, ಆಜೀವ ಸದಸ್ಯರ ಮಂಡಳಿ ಅಲ್ಲಿಯೂ ಸಂಸ್ಥೆಯ ಬೆನ್ನೆಲುಬಾಯಿತು. ಋಷಿಗಳೆಂಬ ಆ ಬಿರುದಿನಲ್ಲಿ ಜನರ ಕೃತಜ್ಞತೆ ತುಂಬಿದೆ, ಆದರೆ ಋಷಿಗೂ ಮನೆಬಾಡಿಗೆ ಇರುತ್ತದೆಂಬುದನ್ನು ಅದು ಸುಲಭವಾಗಿ ಮರೆಸುತ್ತದೆ.

ಮರೆಯದಿದ್ದವರು ಗೋಖಲೆ. ಹದಿನೆಂಟು ವರ್ಷಗಳಷ್ಟು ಕಾಲ ಕಲಿಸಿ 1902ರಲ್ಲಿ ಕಾಲೇಜಿನಿಂದ ನಿವೃತ್ತರಾದ ಅವರು 1905ರಲ್ಲಿ ಪುಣೆಯಲ್ಲಿಯೇ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದಾಗ, ಸ್ವಂತಕ್ಕಾಗಿ ಹಣ ಗಳಿಸಲು ಶ್ರಮ ವ್ಯಯಿಸುವುದಿಲ್ಲವೆಂಬ ಪ್ರತಿಜ್ಞೆಯನ್ನು ಸದಸ್ಯರಿಂದ ಮಾಡಿಸಿದರು. ಈ ಅಂಶದಲ್ಲಿ ಅವರ ನಿಯಮ ಟಿಳಕರ ನಿಲುವಿಗೇ ಹತ್ತಿರವಾಗಿತ್ತು. ಆದರೆ ಅದೇ ನಿಯಮಾವಳಿಯಲ್ಲಿ ತರಬೇತಿಯ ಅವಧಿಯ ಅಲ್ಪ ವೇತನವು ಅನಂತರ ಏರಬೇಕೆಂದೂ, ಸದಸ್ಯನಿಗೆ ವಾಸದ ಮನೆಯೂ ಜೀವವಿಮೆಯೂ ದೊರೆಯಬೇಕೆಂದೂ, ಮಕ್ಕಳಿದ್ದರೆ ಪ್ರತಿಯೊಂದು ಮಗುವಿನ ಲೆಕ್ಕದಲ್ಲಿ ತಿಂಗಳ ಭತ್ಯೆ ಸಲ್ಲಬೇಕೆಂದೂ ಅವರು ಬರೆಯಿಸಿದ್ದರು.