ತೂಗುದೀಪದ ಕೆಳಗೊಬ್ಬ ಸುಬೇದಾರ

ಕೊಡವರೆಂದರೆ ಹುಟ್ಟಾ ಸೈನಿಕರು ಎಂದು ಹೊರಗಿನವರು ಹೇಳಿದಾಗಲೆಲ್ಲ ನಮ್ಮ ಗಂಡಸರ ಕೈ ತಾನಾಗಿ ಮೀಸೆಗೆ ಹೋಗುತ್ತದೆ. ಬ್ರಿಟಿಷರೂ ಹಾಗೆಯೇ ನಂಬಿದ್ದರು. ಮದ್ರಾಸ್ ಸೈನ್ಯದ ಒಂದು ಹಳೆಯ ಪಲ್ಟನ್ನಿಗೆ 1902ರಲ್ಲಿ ‘ಕೂರ್ಗ್ ರೈಫಲ್ಸ್’ ಎಂದು ಹೆಸರಿಟ್ಟು, ಅದನ್ನು ಕೊಡವರಿಂದಲೇ ತುಂಬಿಸಲು ಹೊರಟರು. ಎರಡು ವರ್ಷ ಕಾದು 1904ರಲ್ಲಿ ಮುಚ್ಚಿದರು. ಸೋತದ್ದಕ್ಕಲ್ಲ, ದಂಗೆ ಎದ್ದದ್ದಕ್ಕೂ ಅಲ್ಲ; ಸೇರಲು ಸಾಕಷ್ಟು ಜನ ಬರಲಿಲ್ಲ.

ಈ ಸಂಗತಿಯನ್ನು ನಮ್ಮ ಮನೆಯಲ್ಲಿ ಸಂತೋಷದಿಂದ ಹೇಳುತ್ತಿದ್ದವರು ನನ್ನ ಅಜ್ಜ, ಅದೂ ಎರಡು ದಶಕಕ್ಕೂ ಹೆಚ್ಚು ಕಾಲ ಸೈನ್ಯದಲ್ಲಿದ್ದು ಸುಬೇದಾರರಾಗಿ ಮನೆಗೆ ಬಂದವರು. “ನಾಟಿ ಸಮಯದಲ್ಲಿ ಗದ್ದೆ ಬಿಟ್ಟು ಪರೇಡಿಗೆ ಯಾರು ಹೋಗ್ತಾರೆ?” ಎನ್ನುತ್ತಿದ್ದರು. 1901ರ ಜನಗಣತಿಯಲ್ಲಿ ಕೊಡವರು ಇದ್ದದ್ದೇ ಸುಮಾರು 36 ಸಾವಿರ. ಅದರಲ್ಲಿ ಹೆಂಗಸರು, ಮಕ್ಕಳು, ಮುದುಕರನ್ನು ಕಳೆದರೆ ಪಲ್ಟನ್ನಿಗೆ ಉಳಿಯುವವರೆಷ್ಟು? ಅಜ್ಜನ ಲೆಕ್ಕ ಸರಿ ಎಂದೇ ನನಗೆ ಅನಿಸುತ್ತದೆ. ಕೊಡಗಿನ ಸೈನಿಕನ ಚರಿತ್ರೆಯನ್ನು ಶೌರ್ಯದಿಂದ ಶುರುಮಾಡಿದರೆ ದಾರಿ ತಪ್ಪುತ್ತದೆ. ಅದನ್ನು ಐನ್‌ಮನೆಯಿಂದ, ಅಂದರೆ ಮನೆತನದ ಮೂಲಮನೆಯಿಂದಲೇ ಶುರುಮಾಡಬೇಕು.

ರಾಜರ ಕಾಲದಲ್ಲಿ ಕೊಡವರ ಯುದ್ಧ ಗದ್ದೆಗೆ ಅಂಟಿಕೊಂಡೇ ಇತ್ತು. ವಂಶಪಾರಂಪರ್ಯದ ಜಮ್ಮ ಭೂಮಿ ಹಿಡಿದ ಒಕ್ಕಲು ಸಾಮಾನ್ಯ ಸಾಗು ಭೂಮಿಯವರು ಕಟ್ಟುವುದರ ಅರ್ಧದಷ್ಟೇ ಕಂದಾಯ ಕಟ್ಟುತ್ತಿತ್ತು. ಬದಲಿಗೆ ಕರೆ ಬಂದಾಗ ಕೋವಿ, ಕತ್ತಿ ಹಿಡಿದು ಹೋಗಬೇಕು, ಕಾವಲು ನಿಲ್ಲಬೇಕು. ಕರೆ ಮುಗಿದರೆ ಮತ್ತೆ ನೇಗಿಲು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊನೆಯ ರಾಜ ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡಿತು. 1857ರ ದಂಗೆಯ ಬಳಿಕ ದೇಶದ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುತ್ತಿದ್ದಾಗ, ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡಗಿನವರಿಗೆ ಅದರಿಂದ ವಿನಾಯಿತಿ ಕೊಟ್ಟ. ಅಂದಿನಿಂದ ಕೊಡವ ಜನಾಂಗದವರೂ ಕೊಡಗಿನ ಜಮ್ಮ ಹಿಡುವಳಿದಾರರೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುತ್ತ ಬಂದಿದ್ದಾರೆ. ಇದು ಬ್ರಿಟಿಷರ ಔದಾರ್ಯ ಎನ್ನುವವರಿದ್ದಾರೆ. ನಿಷ್ಠೆಗೆ ಸಂದ ಕೂಲಿ ಎಂದು ನಾನು ಹೇಳುತ್ತೇನೆ. ನಮ್ಮ ಮನೆಯ ಹಿರಿಯರಿಗೆ ಈ ಮಾತು ಹಿಡಿಸುವುದಿಲ್ಲ.

ಅಜ್ಜ ಸೈನ್ಯ ಸೇರಿದ್ದು 1942ರಲ್ಲಿ. ಅದೇ ವರ್ಷ ಮಡಿಕೇರಿಯಲ್ಲಿ ಕೊಡಗಿನದೇ ಹೆಸರಿನ ಹೊಸ ಬೆಟಾಲಿಯನ್ ಕಟ್ಟಿದರು. ಯುದ್ಧದ ನಂತರ ಅದು ಫಿರಂಗಿ ಪಡೆಯಾಯಿತು. ಅಜ್ಜ ಅದಕ್ಕೆ ಸೇರಲಿಲ್ಲ. ಕಾಫಿ ಎಸ್ಟೇಟಿನಲ್ಲಿ ಲಾರಿ ಓಡಿಸಲು ಕಲಿತಿದ್ದರಿಂದ ಸೈನ್ಯಕ್ಕೆ ಸಾಮಾನು ಸಾಗಿಸುವ ಸರ್ವಿಸ್ ಕೋರಿಗೆ ತೆಗೆದುಕೊಂಡರು. ಅವರನ್ನು ಕಳಿಸಿದ್ದು ದೇಶಭಕ್ತಿಯಲ್ಲ, ಒಕ್ಕದ, ಅಂದರೆ ನಮ್ಮ ಮನೆತನದ ತೀರ್ಮಾನ. ಅಣ್ಣ ಗದ್ದೆ ನೋಡಿಕೊಳ್ಳುವುದು, ತಮ್ಮ ಸಂಬಳ ಕಳಿಸುವುದು ಎಂದು ಕೈಯಾಲೆಯ ಜಗಲಿಯಲ್ಲಿ ಕೂತು ಹಿರಿಯರು ನಿಶ್ಚಯ ಮಾಡಿದರು. ಹೊರಡುವ ದಿನ ನಡುಮನೆಯಾದ ನೆಲ್ಲಕ್ಕಿಯ ತೂಗುದೀಪಕ್ಕೆ ಕೈಮುಗಿದು, ಪೂರ್ವಜರ ಗುಡಿಯಾದ ಕೈಮಡಕ್ಕೆ ಹೋಗಿ ಒಕ್ಕದ ಮೂಲಪುರುಷ ಗುರುಕಾರಣನಿಗೆ ಹರಕೆ ಹೇಳಿ, ಹಿರಿಯರ ಕಾಲು ಮುಟ್ಟಿ ಹೋದರಂತೆ.

1944ರ ಮಾರ್ಚ್ ಕೊನೆಗೆ ಜಪಾನೀಯರು ಇಂಫಾಲಕ್ಕೆ ಹೋಗುವ ರಸ್ತೆಯನ್ನು ಕಡಿದರು. ಜೂನ್ 22ರಂದು ಅದು ಮತ್ತೆ ತೆರೆಯುವವರೆಗೆ ದಿಮಾಪುರದಿಂದ ಕೊಹಿಮಾದ ಕಡೆಗೆ ಮದ್ದುಗುಂಡು, ಅಕ್ಕಿ, ಬೇಳೆ ಹೊತ್ತು ಏರುತ್ತಿದ್ದ ಲಾರಿಗಳಲ್ಲಿ ಒಂದು ಅಜ್ಜನದು. ಮಳೆ, ಕೆಸರು, ಒಂದು ಬದಿ ಪ್ರಪಾತ. “ನಮ್ಮ ಮಾಕುಟ್ಟದ ಘಾಟಿ ರಸ್ತೆ ಕಂಡವನಿಗೆ ಅದೇನು ಮಹಾ” ಎಂದು ಜಂಬ ಕೊಚ್ಚುತ್ತಿದ್ದರು. ಆಮೇಲೆ ದನಿ ಇಳಿಸಿ, ಇಳಿಯುವಾಗ ಗಾಯಾಳುಗಳನ್ನು ತರುತ್ತಿದ್ದುದನ್ನೂ ಹೇಳುತ್ತಿದ್ದರು. ಯಾರನ್ನಾದರೂ ಗುಂಡಿಟ್ಟು ಕೊಂದ ಕತೆ ಅವರ ಬಾಯಲ್ಲಿ ಬರಲಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇವರ ಫೋಟೋಗಳು ಗೋಡೆಯ ಮೇಲಿದ್ದವು. ಅವರ ಬಗ್ಗೆ ಕೇಳಿದರೆ, “ಅವರು ದೊಡ್ಡವರು. ನಾವು ಲಾರಿಯವರು. ಆದರೆ ದೊಡ್ಡವರೂ ಊಟ ಮಾಡಬೇಕಲ್ಲ?” ಎನ್ನುತ್ತಿದ್ದರು.

ಕೊಡಗು ಪ್ರಾಂತದಿಂದ ಹೋದವರು ನಿವೃತ್ತರಾಗಿ ಬಂದಾಗ ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆಯಾಗಿತ್ತು. ಅಜ್ಜ ಅದನ್ನು ಕೊನೆಯವರೆಗೂ ಒಪ್ಪಿದಂತೆ ಕಾಣಲಿಲ್ಲ. ಅವರು ಒಪ್ಪಿದ್ದು ಒಂದೇ ಹುದ್ದೆಯನ್ನು: ಅಣ್ಣ ತೀರಿಕೊಂಡ ಮೇಲೆ ಒಕ್ಕದ ಹಿರಿಯನ ಜವಾಬ್ದಾರಿ. ಮುಂಜಾನೆ, ಮುಸ್ಸಂಜೆ ನೆಲ್ಲಕ್ಕಿ ದೀಪ ಹೊತ್ತಿಸಬೇಕು. ಅವರು ಅದನ್ನು ಗಡಿಯಾರ ನೋಡಿ ಹೊತ್ತಿಸುತ್ತಿದ್ದರು. ಸ್ನಾನವಿಲ್ಲದೆ ಯಾರೂ ದೀಪದ ಹತ್ತಿರ ಸುಳಿಯಬಾರದು. ದೇವರ ಕೋಣೆಯಾದ ಕನ್ನಿ ಕೋಂಬರೆಯ ಎದುರು ನಗು, ಗಲಾಟೆ ಕೂಡದು. ಸಾಲಾಗಿ ನಿಂತ ಮೊಮ್ಮಕ್ಕಳ ಉಗುರು ಪರೀಕ್ಷೆಯೂ ಅಲ್ಲೇ. ಸಿಟ್ಟು ಬಹಳ. ಉಪ್ಪು ಹೆಚ್ಚಾದರೆ ತಟ್ಟೆ ಸರಿಸಿ ಏಳುತ್ತಿದ್ದರು, ಅಜ್ಜಿ ಅದಕ್ಕೆ ಸೊಪ್ಪು ಹಾಕುತ್ತಿರಲಿಲ್ಲ.

ಅಜ್ಜನ ದೈವಭಕ್ತಿ ಪುಸ್ತಕದ್ದಲ್ಲ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ತೀರ್ಥ ತರುವುದು, ಊರ ಭಗವತಿಯ ಹಬ್ಬಕ್ಕೆ ನಿಲ್ಲುವುದು, ವರ್ಷಕ್ಕೊಮ್ಮೆ ಕಾರಣರಿಗೆ, ಅಂದರೆ ಗತಿಸಿದ ಹಿರಿಯರಿಗೆ ಎಡೆ ಕೊಡುವುದು, ಇಷ್ಟೇ. ಕಾರಣರಿಗೆ ಮಾಂಸವೂ ಮದ್ಯವೂ ಎಡೆಗೆ ಬೇಕು. ಹಿಂದೆ ಮನೆಯಲ್ಲೇ ಇಳಿಸಿದ ಸಾರಾಯಿ ಇಡುತ್ತಿದ್ದರಂತೆ. ಅಜ್ಜ ಬಂದ ಮೇಲೆ ಮಿಲಿಟರಿ ಕ್ಯಾಂಟೀನಿನ ರಮ್. ದೂರದಿಂದ ಬಂದ ನೆಂಟರೊಬ್ಬರು ಇದು ಶಾಸ್ತ್ರಕ್ಕೆ ಸರಿಯೇ ಎಂದು ಕೇಳಿದ್ದಕ್ಕೆ, “ಅವರೂ ರಾಜನ ಸೈನ್ಯದಲ್ಲಿದ್ದವರೇ, ಕೋಟಾ ಅವರಿಗೂ ಸಲ್ಲುತ್ತದೆ” ಎಂದರು. ನಮ್ಮ ಪೂರ್ವಜರ ವಿಷಯದಲ್ಲಿ ಇಷ್ಟು ಸ್ವಚ್ಛವಾದ ತರ್ಕವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬ ಅಜ್ಜನ ದೊಡ್ಡ ದಿನ. ನಾಟಿ ಮುಗಿದಿರುತ್ತದೆ, ಎತ್ತುಗಳ ಮೈ ತೊಳೆದು ಬಿಟ್ಟಿರುತ್ತಾರೆ. ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಎಣ್ಣೆ ಹಾಕಿ ಉಜ್ಜಿ ದೇವರ ಕೋಣೆಯಲ್ಲಿಟ್ಟು, ಬೇಲಿಯಲ್ಲಿ ಆಗತಾನೆ ಅರಳಿದ ಕೆಂಪು-ಹಳದಿ ತೋಕ್ ಪೂವನ್ನು ನಳಿಗೆಗೆ ಸಿಕ್ಕಿಸುತ್ತಾರೆ. ಪೂಜೆ ಆಗುವವರೆಗೆ ಯಾರೂ ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲಿದ್ದದ್ದು ಒಂಟಿ ನಳಿಗೆಯ ತೋಟಾ ಕೋವಿ. ಅಜ್ಜ ಅದನ್ನು ಬಿಚ್ಚಿ ಜೋಡಿಸುವಾಗ ಸೈನ್ಯದ ಕ್ರಮ, ಪೂಜಿಸುವಾಗ ಮನೆಯ ಕ್ರಮ. ಕಿರಿಯನ ಕೈಗೆ ಕೋವಿ ಕೊಡುವಾಗ ಹಿರಿಯರು ಹೇಳುವ ಬುದ್ಧಿಮಾತಿನಲ್ಲಿ ತಾನಾಗಿ ಕೆಣಕಬೇಡ ಎಂಬುದೇ ಮೊದಲು, ಬಂದರೆ ಹಿಂದೆಗೆಯಬೇಡ ಎಂಬುದು ಆಮೇಲೆ. ಊಟಕ್ಕೆ ಕಡಂಬುಟ್ಟು, ಪಂದಿಕರಿ. ಸಂಜೆ ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ. ಲಾರಿ ಡ್ರೈವರ್ ಸುಬೇದಾರರು ಅದರಲ್ಲಿ ಗೆದ್ದದ್ದು ಕಡಿಮೆ.

ಸೈನ್ಯದಲ್ಲಿದ್ದ ವರ್ಷಗಳಲ್ಲಿ ಅವರಿಗೆ ಈ ದಿನಕ್ಕೆ ರಜೆ ಸಿಕ್ಕಿದ್ದು ಅಪರೂಪ. ಕೈಲ್‌ಪೊಳ್ದ್ ತಪ್ಪಿದರೆ ಸುಗ್ಗಿಹಬ್ಬವಾದ ಪುತ್ತರಿಗೆ ಬರುತ್ತೇನೆ, ಪುತ್ತರಿ ತಪ್ಪಿದರೆ ಮುಂದಿನ ವರ್ಷ ಎಂದು ಕಾಗದ ಬರೆಯುತ್ತಿದ್ದರು. ಅವರಿಲ್ಲದಾಗಲೂ ಕೋವಿಗೆ ಹೂ ಬಿತ್ತು. ತುಲಾ ಸಂಕ್ರಮಣದ ಕಣಿಪೂಜೆಗೆ ತೆಂಗಿನಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಒಡವೆ ತೊಡಿಸಿ ಕಾವೇರಮ್ಮನನ್ನು ಕೂರಿಸಿದವರು, ಬಂದ ಮನಿಆರ್ಡರಿನಲ್ಲಿ ಹೆಂಚು ಬದಲಿಸಿದವರು, ದೀಪದ ಎಣ್ಣೆಗೆ ಬೇರೆ ಡಬ್ಬಿಯಲ್ಲಿ ಕಾಸು ಕೂಡಿಟ್ಟವರು ಅಜ್ಜಿ. ಆ ಅರ್ಥದಲ್ಲಿ ಸರ್ವಿಸ್ ಇಬ್ಬರದೂ ಹೌದು. ಪೆನ್ಷನ್ ಕಾಗದದಲ್ಲಿ ಮಾತ್ರ ಅಜ್ಜಿ ‘ಹೆಂಡತಿ’ ಎಂಬ ಒಂದು ಸಾಲು.

ಗಂಡು ಹುಟ್ಟಿದರೆ ಒಂದು ಗುಂಡು ಹಾರಿಸಿ ಮಗುವಿನ ಕೈಗೆ ಪುಟ್ಟ ಬಿಲ್ಲು ಮುಟ್ಟಿಸುವುದು ನಮ್ಮ ಪದ್ಧತಿ. ನಾನು ಹುಟ್ಟಿದಾಗ ಗುಂಡು ಹಾರಲಿಲ್ಲ. ಅಜ್ಜ ನನ್ನನ್ನು ಹೆಗಲಿನಿಂದ ಇಳಿಸಿದವರಲ್ಲ, ಆದರೆ ಪದ್ಧತಿ ಮೀರುವವರೂ ಅಲ್ಲ. ದೊಡ್ಡವಳಾದ ಮೇಲೆ ಇದನ್ನೊಮ್ಮೆ ಕೇಳಿದೆ. “ಆಗ ನನಗೆ ಹೊಳೆಯಲಿಲ್ಲ” ಎಂದರು. ಅಷ್ಟು ದೇವರು ದಿಂಡರೆನ್ನುವ ಮನುಷ್ಯನ ಬಾಯಿಂದ ಬಂದ ಈ ಮಾತು ನನಗೆ ಇವತ್ತಿಗೂ ಬೆಲೆಯುಳ್ಳದ್ದು.

ಅಜ್ಜ ತೀರಿಕೊಂಡದ್ದು ತೊಂಬತ್ತರ ದಶಕದಲ್ಲಿ, ಕಾಫಿ ಕೊಯ್ಲಿನ ಸಮಯದಲ್ಲಿ. ಒಂದರ ಹಿಂದೊಂದು ಎರಡು ಗುಂಡು ಹಾರಿದವು. ಸಾವೆಂದು ತಿಳಿದು ಕೇರಿಯವರು ಕೆಲಸ ಬಿಟ್ಟು ಬಂದರು. ಸರಕಾರದ ಕಡೆಯಿಂದ ಬಂದದ್ದು ಕುಟುಂಬ ಪಿಂಚಣಿಯ ಫಾರಂ ಮಾತ್ರ. ಯುದ್ಧದ ಸೇವೆಗಾಗಿ ಅಜ್ಜನಿಗೆ ಸಂದಿದ್ದ ಬರ್ಮಾ ಸ್ಟಾರ್ ಪದಕವನ್ನು ಅಜ್ಜಿ ದೇವರ ಕೋಣೆಯ ಪೆಟ್ಟಿಗೆಯಲ್ಲಿ ಕುಂಕುಮದ ಡಬ್ಬಿಯ ಪಕ್ಕ ಇಟ್ಟರು.

ಈಗ ನಮ್ಮ ಐನ್‌ಮನೆಯಲ್ಲಿ ದಿನವೂ ಇರುವವರು ಇಬ್ಬರೇ. ಉಳಿದವರು ಬೆಂಗಳೂರು, ಮೈಸೂರಿನಿಂದ ಹಬ್ಬಕ್ಕೆ ಬರುತ್ತೇವೆ. ಕೋವಿ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. 2029 ಬಂದಾಗ ಪರ-ವಿರೋಧದ ಗದ್ದಲ ಮತ್ತೆ ಏಳುತ್ತದೆ, ಎರಡೂ ಕಡೆಯವರು ಶೌರ್ಯದ ಮಾತನ್ನೇ ಆಡುತ್ತಾರೆ. ಅಷ್ಟರೊಳಗೆ ಒಂದು ಕೆಲಸ ಮಾಡೋಣ. ಕೊಡಗಿನ ಎಷ್ಟೋ ಮನೆಗಳ ಅಟ್ಟದಲ್ಲಿ ಕಬ್ಬಿಣದ ಟ್ರಂಕುಗಳಿವೆ. ಒಳಗೆ ಡಿಸ್ಚಾರ್ಜ್ ಬುಕ್ಕು, ಮನಿಆರ್ಡರ್ ರಸೀದಿ, ರಜೆಯ ಬಗ್ಗೆ ಬರೆದ ಕಾಗದ. ಜನರಲ್‌ಗಳ ಚರಿತ್ರೆ ಬರೆಯುವವರಿದ್ದಾರೆ, ಲಾರಿಯವರದನ್ನು ಬರೆಯುವವರಿಲ್ಲ. ಆ ಕಾಗದಗಳನ್ನು ಹಳೇ ಪೇಪರಿನವನಿಗೆ ಹಾಕಬೇಡಿ. ಹಬ್ಬಕ್ಕೆ ಒಕ್ಕ ಸೇರಿದ ದಿನ ಟ್ರಂಕು ಕೆಳಗಿಳಿಸಿ, ಗೊತ್ತಿರುವ ಹಿರಿಯರನ್ನು ಕೂರಿಸಿಕೊಂಡು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮನೆಯಲ್ಲಿ ಉಳಿದ ಹೆಂಗಸರ ಹೆಸರನ್ನೂ ಸೇರಿಸಿ.