ಮೆಂಡೊಸಿನೊ ಕೌಂಟಿಯ ಗಾಂಜಾ ಕೃಷಿ ವಿವಾದ

ಮೆಂಡೊಸಿನೊ ಕೌಂಟಿಯ ಗಾಂಜಾ ಕೃಷಿ ವಿವಾದವು ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದ ಉತ್ತರ ಕರಾವಳಿಯಲ್ಲಿರುವ ಮೆಂಡೊಸಿನೊ ಕೌಂಟಿಯಲ್ಲಿ ಗಾಂಜಾ ಬೆಳೆಯುವ ಹಕ್ಕು, ಬೆಳೆಯಬಹುದಾದ ಗಿಡಗಳ ಸಂಖ್ಯೆ ಮತ್ತು ಕಾನೂನು ಜಾರಿಯ ವಿಧಾನವನ್ನು ಕುರಿತು 1970ರ ದಶಕದಿಂದ ನಡೆದುಬಂದಿರುವ ಸಾರ್ವಜನಿಕ ಚರ್ಚೆ. ಒಂದೇ ಬೆಳೆಗೆ ಕೌಂಟಿ, ರಾಜ್ಯ ಮತ್ತು ಒಕ್ಕೂಟ ಸರ್ಕಾರಗಳ ಪರಸ್ಪರ ಹೊಂದದ ಕಾನೂನುಗಳು ಏಕಕಾಲದಲ್ಲಿ ಅನ್ವಯವಾದುದು ಈ ವಿವಾದದ ಮೂಲ. ಇದರ ಅವಧಿಯಲ್ಲಿ ಕೌಂಟಿಯ ಮತದಾರರು 2000ರಲ್ಲಿ ಗಾಂಜಾ ಕೃಷಿಗೆ ಸಡಿಲಿಕೆ ನೀಡಿ, 2008ರಲ್ಲಿ ಅದನ್ನು ಹಿಂಪಡೆದರು. ಕೌಂಟಿಯ ಶೆರೀಫರು ನೋಂದಾಯಿತ ಗಿಡಗಳಿಗೆ ಗುರುತಿನ ಪಟ್ಟಿ ಕಟ್ಟುವ ವ್ಯವಸ್ಥೆಯನ್ನು ನಡೆಸಿದರು. ಅದರಡಿ ಬಹಿರಂಗವಾಗಿ ನೋಂದಾಯಿಸಿಕೊಂಡಿದ್ದ ಬೆಳೆಗಾರರ ತೋಟವೇ 2011ರಲ್ಲಿ ಒಕ್ಕೂಟ ಸರ್ಕಾರದ ದಾಳಿಗೆ ಗುರಿಯಾಯಿತು.

ಹಿನ್ನೆಲೆ

ಮೆಂಡೊಸಿನೊ ಕೌಂಟಿಯ ಆಡಳಿತ ಕೇಂದ್ರ ಯುಕಾಯಾ. 2020ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ 91,601. ಹಂಬೋಲ್ಟ್ ಮತ್ತು ಟ್ರಿನಿಟಿ ಕೌಂಟಿಗಳೊಂದಿಗೆ ಸೇರಿ ಈ ಪ್ರದೇಶವನ್ನು 'ಎಮರಾಲ್ಡ್ ಟ್ರಯಾಂಗಲ್' (ಪಚ್ಚೆ ತ್ರಿಕೋನ) ಎಂದು ಕರೆಯಲಾಗುತ್ತದೆ. ದಟ್ಟವಾದ ಕಾಡು, ಕಡಿದಾದ ಬೆಟ್ಟಗಳು ಮತ್ತು ವಿರಳವಾದ ಜನವಸತಿಯಿಂದಾಗಿ ಇಲ್ಲಿ ಗುಪ್ತ ಕೃಷಿ ಸುಲಭವಾಗಿತ್ತು.

ಕ್ಯಾಲಿಫೋರ್ನಿಯದಲ್ಲಿ ಕೌಂಟಿ ಎಂಬುದು ಸ್ಥೂಲವಾಗಿ ಭಾರತದ ಜಿಲ್ಲೆಯನ್ನು ಹೋಲುವ ಆಡಳಿತ ಘಟಕ. ಆದರೆ ಅದರ ಆಡಳಿತವನ್ನು ನಡೆಸುವ ಐವರು ಸದಸ್ಯರ ಮೇಲ್ವಿಚಾರಕ ಮಂಡಳಿ, ಪೊಲೀಸ್ ವ್ಯವಸ್ಥೆಯ ಮುಖ್ಯಸ್ಥರಾದ ಶೆರೀಫ್ ಮತ್ತು ಅಪರಾಧ ಮೊಕದ್ದಮೆಗಳನ್ನು ಹೂಡುವ ಜಿಲ್ಲಾ ಅಟಾರ್ನಿ, ಇವರೆಲ್ಲರೂ ಜನರಿಂದ ನೇರವಾಗಿ ಆಯ್ಕೆಯಾಗುತ್ತಾರೆ. ಆದುದರಿಂದ ಯಾವ ಅಪರಾಧಕ್ಕೆ ಎಷ್ಟು ಗಮನ ಕೊಡಬೇಕೆಂಬುದು ಇಲ್ಲಿ ಚುನಾವಣೆಯ ವಿಷಯವೂ ಆಗುತ್ತದೆ.

1960ರ ದಶಕದ ಕೊನೆಯಲ್ಲಿ ಮತ್ತು 1970ರ ದಶಕದಲ್ಲಿ ನಗರಜೀವನವನ್ನು ತೊರೆದ ಅನೇಕ ಯುವಜನರು ಇಲ್ಲಿನ ಬೆಟ್ಟಪ್ರದೇಶದಲ್ಲಿ ಅಗ್ಗದ ಜಮೀನು ಕೊಂಡು ನೆಲೆಸಿದರು. ಸ್ವಂತ ಬಳಕೆಗೆಂದು ಆರಂಭವಾದ ಗಾಂಜಾ ಬೆಳೆ ಕ್ರಮೇಣ ಜೀವನೋಪಾಯವಾಯಿತು. ಗಂಡು ಗಿಡಗಳನ್ನು ಕಿತ್ತು, ಪರಾಗಸ್ಪರ್ಶವಾಗದಂತೆ ಹೆಣ್ಣು ಗಿಡಗಳನ್ನಷ್ಟೇ ಬೆಳೆಸಿ ಬೀಜರಹಿತ ಹೂಗೊಂಚಲು ಪಡೆಯುವ 'ಸಿನ್ಸೆಮಿಲ್ಲಾ' ವಿಧಾನದಿಂದ ಬೆಳೆಯ ಬೆಲೆ ಹೆಚ್ಚಿತು. 1970ರ ದಶಕದ ಕೊನೆಯಲ್ಲಿ ಮೆಕ್ಸಿಕೊದ ಗಾಂಜಾ ಹೊಲಗಳಿಗೆ ಪ್ಯಾರಾಕ್ವಾಟ್ ಎಂಬ ಕಳೆನಾಶಕವನ್ನು ಸಿಂಪಡಿಸಲಾಯಿತು. ಆಮದಾದ ಗಾಂಜಾದ ಬಗ್ಗೆ ಹುಟ್ಟಿದ ಭಯದಿಂದ ದೇಶೀಯ ಬೆಳೆಗೆ ಬೇಡಿಕೆ ಏರಿತು. ಸ್ಥಳೀಯ ಆರ್ಥಿಕತೆಯ ಆಧಾರವಾಗಿದ್ದ ಮರದ ಉದ್ಯಮ ಮುಂದೆ ಕುಸಿಯುತ್ತ ಬಂದಂತೆ ಈ ಬೆಳೆಯ ಮೇಲಿನ ಅವಲಂಬನೆ ಹೆಚ್ಚಿತು. ಫೋರ್ಟ್ ಬ್ರ್ಯಾಗ್ ಪಟ್ಟಣದ ದೊಡ್ಡ ಮರದ ಕಾರ್ಖಾನೆ 2002ರಲ್ಲಿ ಮುಚ್ಚಿತು.

ನಿಷೇಧದ ಕಾಲ

1970ರ ನಿಯಂತ್ರಿತ ವಸ್ತುಗಳ ಕಾಯ್ದೆಯು ಗಾಂಜಾವನ್ನು ಅತ್ಯಂತ ಕಠಿಣ ನಿರ್ಬಂಧಗಳಿರುವ ಮೊದಲನೆಯ ಅನುಸೂಚಿಗೆ ಸೇರಿಸಿತು. 1983ರಲ್ಲಿ ಕ್ಯಾಲಿಫೋರ್ನಿಯ ಸರ್ಕಾರವು ಒಕ್ಕೂಟ ಮತ್ತು ಸ್ಥಳೀಯ ಸಂಸ್ಥೆಗಳ ಜೊತೆಗೂಡಿ 'ಗಾಂಜಾ ಕೃಷಿ ವಿರೋಧಿ ಅಭಿಯಾನ'ವನ್ನು ಆರಂಭಿಸಿತು. ಇದು ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ 'ಕ್ಯಾಂಪ್' ಎಂದೇ ಪರಿಚಿತ. ಬೇಸಗೆಯ ಕೊನೆಯಿಂದ ಕೊಯ್ಲಿನವರೆಗೆ ಹೆಲಿಕಾಪ್ಟರುಗಳಿಂದ ತೋಟಗಳನ್ನು ಪತ್ತೆಹಚ್ಚಿ, ಸಶಸ್ತ್ರ ತಂಡಗಳು ಗಿಡಗಳನ್ನು ಕಡಿದು ನಾಶಪಡಿಸುತ್ತಿದ್ದವು.

ಮನೆಗಳ ಮೇಲೆ ತೀರ ಕೆಳಮಟ್ಟದಲ್ಲಿ ಹಾರುವ ಹೆಲಿಕಾಪ್ಟರುಗಳ ಬಗ್ಗೆ ಗಾಂಜಾ ಬೆಳೆಯದ ನಿವಾಸಿಗಳೂ ಆಕ್ಷೇಪಿಸಿದರು. ಅಭಿಯಾನದಿಂದ ಪೂರೈಕೆ ಕಡಿಮೆಯಾಗಿ ಬೆಲೆ ಏರುತ್ತದೆ, ಬೆಲೆ ಏರಿದಂತೆ ಅಪಾಯಕ್ಕೆ ಅಂಜದವರು ಈ ಕೃಷಿಗೆ ಇಳಿಯುತ್ತಾರೆ ಎಂಬುದು ವಿರೋಧಿಗಳ ವಾದವಾಗಿತ್ತು. ಕೊಯ್ಲಿನ ಕಾಲದ ಕಳವು ಮತ್ತು ಹಿಂಸೆಯಿಂದ, ಸಾರ್ವಜನಿಕ ಅರಣ್ಯದಲ್ಲಿ ಬಂದೂಕುಧಾರಿಗಳ ಕಾವಲಿನಿಂದ ಜನ ಓಡಾಡುವುದೇ ಕಷ್ಟವಾಗಿದೆ ಎಂದು ಬೆಂಬಲಿಗರು ಪ್ರತಿಪಾದಿಸಿದರು.

ವೈದ್ಯಕೀಯ ಗಾಂಜಾ ಮತ್ತು ಮೆಷರ್ ಜಿ

1996ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯದ ಮತದಾರರು ಪ್ರಪೊಸಿಷನ್ 215ನ್ನು ಶೇ. 55.6ರಷ್ಟು ಮತಗಳಿಂದ ಅಂಗೀಕರಿಸಿದರು. ವೈದ್ಯರ ಶಿಫಾರಸು ಪಡೆದ ರೋಗಿಗಳು ಮತ್ತು ಅವರ ಆರೈಕೆದಾರರು ಗಾಂಜಾ ಬೆಳೆದು ಇಟ್ಟುಕೊಂಡರೆ ರಾಜ್ಯದ ಕಾನೂನಿನಡಿ ಶಿಕ್ಷೆಗೆ ಒಳಗಾಗದಂತೆ ಅದು ರಕ್ಷಣೆ ನೀಡಿತು. ಒಬ್ಬ ರೋಗಿ ಎಷ್ಟು ಗಿಡ ಬೆಳೆಯಬಹುದೆಂದು ಅದರಲ್ಲಿ ಹೇಳಿರಲಿಲ್ಲ. ನಂತರದ ಸ್ಥಳೀಯ ವಿವಾದದ ಬಹುಭಾಗ ಈ ಸಂಖ್ಯೆಯ ಸುತ್ತಲೇ ನಡೆಯಿತು.

2000ರ ನವೆಂಬರ್‌ನಲ್ಲಿ ಕೌಂಟಿಯ ಮತದಾರರು 'ಮೆಷರ್ ಜಿ' ಎಂಬ ಜನಮತ ಪ್ರಸ್ತಾವವನ್ನು ಸುಮಾರು ಶೇ. 58ರಷ್ಟು ಬೆಂಬಲದಿಂದ ಅಂಗೀಕರಿಸಿದರು. ವಯಸ್ಕರು ಸ್ವಂತ ಬಳಕೆಗೆ 25 ಗಿಡಗಳವರೆಗೆ ಬೆಳೆದರೆ, ಅಂತಹ ಪ್ರಕರಣಗಳಿಗೆ ಶೆರೀಫ್ ಮತ್ತು ಜಿಲ್ಲಾ ಅಟಾರ್ನಿ ಕಟ್ಟಕಡೆಯ ಆದ್ಯತೆ ನೀಡಬೇಕೆಂದು ಅದು ಸೂಚಿಸಿತು. ವೈದ್ಯರ ಶಿಫಾರಸು ಬೇಕೆಂಬ ನಿಬಂಧನೆ ಅದರಲ್ಲಿ ಇರಲಿಲ್ಲ. ಮಾರಾಟಕ್ಕೆ ಅದು ಅವಕಾಶ ಕೊಡಲಿಲ್ಲ. ರಾಜ್ಯ ಮತ್ತು ಒಕ್ಕೂಟದ ಕಾನೂನುಗಳನ್ನು ಬದಲಿಸುವ ಅಧಿಕಾರವೂ ಅದಕ್ಕೆ ಇರಲಿಲ್ಲ.

2004ರ ಜನವರಿಯಲ್ಲಿ ಜಾರಿಗೆ ಬಂದ ಸೆನೆಟ್ ಮಸೂದೆ 420ರ ಮೂಲಕ ರಾಜ್ಯದ ಶಾಸಕಾಂಗವು ಪ್ರತಿ ರೋಗಿಗೆ 6 ಬಲಿತ ಅಥವಾ 12 ಎಳೆಯ ಗಿಡಗಳ ಮಿತಿಯನ್ನು ಗೊತ್ತುಪಡಿಸಿತು. ಕೌಂಟಿಗಳು ಬಯಸಿದಲ್ಲಿ ಇದಕ್ಕಿಂತ ಹೆಚ್ಚಿನ ಮಿತಿ ನಿಗದಿಪಡಿಸಬಹುದಾಗಿತ್ತು. 2005ರ ಗೊನ್ಸಾಲೆಸ್ ಮತ್ತು ರೈಚ್ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ರಾಜ್ಯದ ಕಾನೂನು ಒಪ್ಪಿದರೂ ಮನೆಯಲ್ಲಿ ಸ್ವಂತ ಔಷಧಕ್ಕೆ ಬೆಳೆದ ಗಾಂಜಾವನ್ನು ಒಕ್ಕೂಟ ಸರ್ಕಾರ ನಿಷೇಧಿಸಬಹುದೆಂದು 6–3 ಬಹುಮತದಿಂದ ತೀರ್ಪಿತ್ತಿತು.

ಮೆಷರ್ ಬಿ

ಮೆಷರ್ ಜಿಯ ನಂತರದ ವರ್ಷಗಳಲ್ಲಿ ಹೊರಗಿನಿಂದ ಬಂದು ದೊಡ್ಡ ಪ್ರಮಾಣದಲ್ಲಿ ಬೆಳೆಯುವವರ ಬಗ್ಗೆ ದೂರುಗಳು ಹೆಚ್ಚಿದವು. ಬಾಡಿಗೆ ಮನೆಗಳನ್ನೇ ತೋಟವಾಗಿಸುವುದು, ವಿದ್ಯುತ್ ಉತ್ಪಾದನೆಗಾಗಿ ಕಾಡಿನಲ್ಲಿ ಇರಿಸಿದ ಡೀಸೆಲ್ ಜನರೇಟರುಗಳಿಂದ ತೈಲ ಸೋರುವುದು, ವಸತಿ ಪ್ರದೇಶದಲ್ಲಿ ಹೂಬಿಟ್ಟ ಗಿಡಗಳ ಕಟುವಾಸನೆ ಮುಂತಾದವು ಆಕ್ಷೇಪಕ್ಕೆ ಒಳಗಾದವು. ಮೇಲ್ವಿಚಾರಕ ಮಂಡಳಿಯು ಮೆಷರ್ ಜಿಯನ್ನು ರದ್ದುಪಡಿಸಿ ರಾಜ್ಯದ ಮಿತಿಗಳನ್ನೇ ಅನುಸರಿಸುವ 'ಮೆಷರ್ ಬಿ'ಯನ್ನು 2008ರ ಜೂನ್‌ನಲ್ಲಿ ಮತಕ್ಕೆ ಹಾಕಿತು. ಅದು ಅಲ್ಪ ಬಹುಮತದಿಂದ ಅಂಗೀಕಾರವಾಯಿತು.

ರಾಜ್ಯದ ಮಿತಿಯೇ ಸ್ಥಿರವಾಗಿ ಉಳಿಯಲಿಲ್ಲ. ಮತದಾರರು ನೇರವಾಗಿ ಮಾಡಿದ ಕಾನೂನನ್ನು ಅವರ ಒಪ್ಪಿಗೆಯಿಲ್ಲದೆ ಶಾಸಕಾಂಗ ತಿದ್ದುವಂತಿಲ್ಲ; ಆದುದರಿಂದ ಪ್ರಪೊಸಿಷನ್ 215ರಡಿ ರಕ್ಷಣೆ ಕೋರುವ ರೋಗಿಗೆ ಗಿಡಗಳ ಸಂಖ್ಯಾಮಿತಿಯನ್ನು ಅನ್ವಯಿಸಲಾಗದು ಎಂದು ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯವು 2010ರ ಜನವರಿಯಲ್ಲಿ ಕೆಲ್ಲಿ ಪ್ರಕರಣದಲ್ಲಿ ತೀರ್ಪು ನೀಡಿತು.

ಗುರುತಿನ ಪಟ್ಟಿಯ ಯೋಜನೆ

ಈ ಅನಿಶ್ಚಿತತೆಯ ನಡುವೆ ಕೌಂಟಿಯು ತನ್ನ ಸಂಹಿತೆಯ 9.31ನೆಯ ಅಧ್ಯಾಯವನ್ನು ಬಳಸಿಕೊಂಡಿತು. ಗಾಂಜಾ ಕೃಷಿಯನ್ನು ಸಾರ್ವಜನಿಕ ಉಪದ್ರವದ ದೃಷ್ಟಿಯಿಂದ ನಿಯಂತ್ರಿಸುವ ಈ ಅಧ್ಯಾಯವು ಒಂದು ಜಮೀನಿಗೆ 25 ಗಿಡಗಳ ಮಿತಿ ವಿಧಿಸಿತ್ತು. 2010ರಲ್ಲಿ ಅದನ್ನು ತಿದ್ದಿ, ವೈದ್ಯಕೀಯ ಸಹಕಾರಿ ಗುಂಪುಗಳು ಶೆರೀಫರ ಪರವಾನಗಿ ಪಡೆದು 99 ಗಿಡಗಳವರೆಗೆ ಬೆಳೆಯಲು ಅವಕಾಶ ನೀಡಲಾಯಿತು. ಗಿಡಗಳ ಸಂಖ್ಯೆ 100 ಮುಟ್ಟಿದರೆ ಒಕ್ಕೂಟದ ಕಾನೂನಿನಡಿ ಕನಿಷ್ಠ 5 ವರ್ಷಗಳ ಕಡ್ಡಾಯ ಸೆರೆವಾಸದ ವಿಧಿ ಅನ್ವಯವಾಗುತ್ತದೆ. 99 ಅದಕ್ಕಿಂತ ಒಂದು ಕಡಿಮೆ.

2007ರಿಂದ 2019ರವರೆಗೆ ಶೆರೀಫರಾಗಿದ್ದ ಟಾಮ್ ಆಲ್ಮನ್ ಅವರ ಕಚೇರಿಯು ಶುಲ್ಕ ಪಡೆದು ಪ್ರತಿ ಗಿಡಕ್ಕೂ ಕ್ರಮಸಂಖ್ಯೆಯುಳ್ಳ ಪ್ಲಾಸ್ಟಿಕ್ ಪಟ್ಟಿಯನ್ನು ಒದಗಿಸುತ್ತಿತ್ತು. ಕಾಂಡಕ್ಕೆ ಕಟ್ಟಿದ ಆ ಪಟ್ಟಿಯನ್ನು ಕಂಡ ಸಿಬ್ಬಂದಿ ಬೆಳೆ ನಿಯಮಬದ್ಧವೆಂದು ತಿಳಿಯಬಹುದಿತ್ತು. ಇದರಿಂದ ಸಣ್ಣ ಬೆಳೆಗಾರರ ಹಿಂದೆ ವ್ಯಯವಾಗುವ ಸಮಯ ಉಳಿದು, ಅದನ್ನು ದೊಡ್ಡ ಅಕ್ರಮ ತೋಟಗಳತ್ತ ತಿರುಗಿಸಬಹುದೆಂಬುದು ಯೋಜನೆಯ ಸಮರ್ಥಕರ ವಾದ. ಶುಲ್ಕದಿಂದ ಶೆರೀಫರ ಕಚೇರಿಗೆ ಆದಾಯವೂ ಬಂದಿತು. ಅದೇ ಇಲಾಖೆ 2011ರ ಜುಲೈನಲ್ಲಿ ಮೆಂಡೊಸಿನೊ ರಾಷ್ಟ್ರೀಯ ಅರಣ್ಯದಲ್ಲಿ ಆರು ಕೌಂಟಿಗಳು ರಾಜ್ಯ ಹಾಗೂ ಒಕ್ಕೂಟದ ಸಂಸ್ಥೆಗಳೊಡನೆ ಸೇರಿ ನಡೆಸಿದ ಕಾರ್ಯಾಚರಣೆಯಲ್ಲಿ ಪಾಲ್ಗೊಂಡು ಲಕ್ಷಾಂತರ ಅಕ್ರಮ ಗಿಡಗಳ ನಾಶಕ್ಕೆ ಕೈಜೋಡಿಸಿತು.

2011ರ ಅಕ್ಟೋಬರ್‌ನಲ್ಲಿ ಒಕ್ಕೂಟ ಸರ್ಕಾರದ ಮಾದಕವಸ್ತು ಜಾರಿ ಆಡಳಿತವು ರೆಡ್‌ವುಡ್ ವ್ಯಾಲಿಯ ನಾರ್ತ್‌ಸ್ಟೋನ್ ಆರ್ಗ್ಯಾನಿಕ್ಸ್ ಎಂಬ ಸಹಕಾರಿ ಗುಂಪಿನ ತೋಟದ ಮೇಲೆ ದಾಳಿ ನಡೆಸಿತು. ಕೌಂಟಿಯ ಪರವಾನಗಿ ಪಡೆದಿದ್ದ, ಪಟ್ಟಿ ಕಟ್ಟಿದ್ದ 99 ಗಿಡಗಳನ್ನು ಕಡಿಯಲಾಯಿತು. 2012ರ ಆರಂಭದಲ್ಲಿ ಒಕ್ಕೂಟದ ಅಟಾರ್ನಿ ಕಚೇರಿ ಕಾನೂನುಕ್ರಮದ ಎಚ್ಚರಿಕೆ ನೀಡಿದ ಮೇಲೆ ಮೇಲ್ವಿಚಾರಕ ಮಂಡಳಿಯು 99 ಗಿಡಗಳ ಪರವಾನಗಿಯನ್ನು ಕೈಬಿಟ್ಟಿತು. ಅದೇ ವರ್ಷ ಒಕ್ಕೂಟದ ಗ್ರ್ಯಾಂಡ್ ಜ್ಯೂರಿಯು ಯೋಜನೆಯ ದಾಖಲೆಗಳನ್ನು ಒಪ್ಪಿಸುವಂತೆ ಕೌಂಟಿಗೆ ಸಮನ್ಸ್ ನೀಡಿತು. ಸರ್ಕಾರವನ್ನು ನಂಬಿ ನೋಂದಾಯಿಸಿಕೊಂಡವರ ಪಟ್ಟಿಯೇ ಅವರ ವಿರುದ್ಧದ ಸಾಕ್ಷ್ಯವಾಗಬಹುದೆಂಬ ಆತಂಕ ಹರಡಿತು. ಕೌಂಟಿಯು ಸಮನ್ಸನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತು. 2013ರಲ್ಲಿ ಆದ ಒಪ್ಪಂದದಂತೆ ಬೆಳೆಗಾರರ ಹೆಸರುಗಳನ್ನು ಮರೆಮಾಚಿ ದಾಖಲೆಗಳನ್ನು ಒಪ್ಪಿಸಲಾಯಿತು.

2014ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತು, ರಾಜ್ಯಗಳ ವೈದ್ಯಕೀಯ ಗಾಂಜಾ ಕಾನೂನುಗಳ ಜಾರಿಗೆ ಅಡ್ಡಿಪಡಿಸಲು ನ್ಯಾಯ ಇಲಾಖೆಯು ತನ್ನ ಅನುದಾನವನ್ನು ಬಳಸಬಾರದೆಂಬ ನಿಬಂಧನೆಯನ್ನು ಆಯವ್ಯಯ ಕಾಯ್ದೆಗೆ ಸೇರಿಸಿತು.

ದಂಡದ ಮೂಲಕ ಇತ್ಯರ್ಥ

2011ರಲ್ಲಿ ಅಧಿಕಾರ ವಹಿಸಿಕೊಂಡ ಜಿಲ್ಲಾ ಅಟಾರ್ನಿ ಡೇವಿಡ್ ಐಸ್ಟರ್ ಅವರು ಅನೇಕ ಕೃಷಿ ಪ್ರಕರಣಗಳಲ್ಲಿ ಗಿಡಗಳ ನಾಶಕ್ಕೆ ತಗಲುವ ವೆಚ್ಚವನ್ನು ಆರೋಪಿಯಿಂದಲೇ ವಸೂಲು ಮಾಡಿ, ಆರೋಪವನ್ನು ಲಘು ಅಪರಾಧಕ್ಕೆ ಇಳಿಸುವ ಕ್ರಮವನ್ನು ಅನುಸರಿಸಿದರು. ಬಾಕಿ ಉಳಿದಿದ್ದ ಮೊಕದ್ದಮೆಗಳು ಬೇಗ ಮುಗಿಯಲು ಇದು ನೆರವಾಯಿತೆಂದು ಬೆಂಬಲಿಗರು ಹೇಳಿದರು. ಹಣವುಳ್ಳವನಿಗೆ ಒಂದು ನ್ಯಾಯ, ಇಲ್ಲದವನಿಗೆ ಇನ್ನೊಂದು ನ್ಯಾಯ ಎಂಬ ಸ್ಥಿತಿ ಇದರಿಂದ ಉಂಟಾಗುತ್ತದೆ ಎಂಬುದು ಟೀಕಾಕಾರರ ನಿಲುವು.

ನೀರು ಮತ್ತು ವನ್ಯಜೀವಿ

ಬೇಸಗೆಯಲ್ಲಿ ಮಳೆಯಿಲ್ಲದ ಈ ಪ್ರದೇಶದಲ್ಲಿ ಗಾಂಜಾ ಗಿಡಕ್ಕೆ ಅತಿಹೆಚ್ಚು ನೀರು ಬೇಕಾಗುವುದು ತೊರೆಗಳು ಬತ್ತುವ ತಿಂಗಳುಗಳಲ್ಲಿ. ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಅಧ್ಯಯನವು ಒಂದು ಗಿಡಕ್ಕೆ ದಿನಕ್ಕೆ ಸುಮಾರು 22.7 ಲೀಟರ್ ನೀರು ಬೇಕೆಂದು ಅಂದಾಜಿಸಿತು. ಅಧ್ಯಯನಕ್ಕೆ ಆಯ್ದ ನಾಲ್ಕು ಜಲಾನಯನ ಪ್ರದೇಶಗಳಲ್ಲಿ ಮೆಂಡೊಸಿನೊದ ಔಟ್‌ಲೆಟ್ ಕ್ರೀಕ್ ಕೂಡ ಒಂದು. ಬರಗಾಲದಲ್ಲಿ ಈ ನಾಲ್ಕರ ಪೈಕಿ ಮೂರರಲ್ಲಿ ಬೆಳೆಯ ನೀರಿನ ಬೇಡಿಕೆ ತೊರೆಯ ಹರಿವನ್ನೇ ಮೀರಬಹುದೆಂದು ಅದು ಹೇಳಿತು. ಇದರಿಂದ ಕೋಹೋ ಸಾಲ್ಮನ್ ಮತ್ತು ಸ್ಟೀಲ್‌ಹೆಡ್ ಮೀನುಗಳಿಗೆ ಅಪಾಯವಿದೆ. ಅಕ್ರಮ ತೋಟಗಳಲ್ಲಿ ಬಳಸುವ ಇಲಿಪಾಷಾಣವು 'ಫಿಷರ್' ಎಂಬ ಕಾಡುಪ್ರಾಣಿಯ ದೇಹ ಸೇರುತ್ತಿರುವುದನ್ನು 2012ರ ಅಧ್ಯಯನವೊಂದು ದಾಖಲಿಸಿತು. ಹೀಗೆ ವಿವಾದದಲ್ಲಿ ಪರಿಸರವಾದಿಗಳೂ ಪಕ್ಷವಾದರು. ಸಣ್ಣ ಬೆಳೆಗಾರರ ಪೈಕಿ ಹಲವರು ಮಳೆಗಾಲದ ನೀರನ್ನು ಕೊಳ ಮತ್ತು ತೊಟ್ಟಿಗಳಲ್ಲಿ ಸಂಗ್ರಹಿಸುವ ತಮ್ಮ ಪದ್ಧತಿಯನ್ನು ಮುಂದಿಟ್ಟು, ಎಲ್ಲ ತೋಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ವಾದಿಸಿದರು.

ಸಕ್ರಮದ ನಂತರ

2016ರ ನವೆಂಬರ್‌ನಲ್ಲಿ ರಾಜ್ಯದ ಮತದಾರರು ಅಂಗೀಕರಿಸಿದ ಪ್ರಪೊಸಿಷನ್ 64, 21 ವರ್ಷ ತುಂಬಿದವರು ಮನೆಗೆ 6 ಗಿಡಗಳವರೆಗೆ ಬೆಳೆಯಲು ಅನುಮತಿಸಿತು. ವಾಣಿಜ್ಯ ಕೃಷಿಗೆ ಪರವಾನಗಿ ನೀಡುವ ಇಲ್ಲವೇ ನಿಷೇಧಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟಿತು. ಅಕ್ರಮ ಕೃಷಿಯ ಹೆಚ್ಚಿನ ಪ್ರಕರಣಗಳು ಗಂಭೀರ ಅಪರಾಧದಿಂದ ಲಘು ಅಪರಾಧವಾದವು. ದೊಡ್ಡ ಅಕ್ರಮ ಬೆಳೆಗಾರರನ್ನು ತಡೆಯಲು ಇಷ್ಟು ಶಿಕ್ಷೆ ಸಾಲದೆಂಬ ಆಕ್ಷೇಪ ಪೊಲೀಸ್ ವಲಯದಿಂದ ಬಂದಿತು.

2017ರ ಏಪ್ರಿಲ್‌ನಲ್ಲಿ ಕೌಂಟಿಯು ವಾಣಿಜ್ಯ ಕೃಷಿ ಶಾಸನವನ್ನು ಅಂಗೀಕರಿಸಿತು. ತೋಟದ ಗರಿಷ್ಠ ವಿಸ್ತೀರ್ಣ 10,000 ಚದರ ಅಡಿ. ಮೊದಲ ಹಂತದಲ್ಲಿ, 2016ಕ್ಕೆ ಮುಂಚೆಯೇ ಕೌಂಟಿಯಲ್ಲಿ ಗಾಂಜಾ ಬೆಳೆದಿದ್ದಕ್ಕೆ ಪುರಾವೆ ಕೊಡಬಲ್ಲವರಿಗೆ ಮಾತ್ರ ಅವಕಾಶವಿತ್ತು. ದಶಕಗಳ ಕಾಲ ಕುರುಹು ಉಳಿಯದಂತೆ ಬೆಳೆದವರು ಈಗ ಅದನ್ನು ದಾಖಲೆಗಳಿಂದ ಸಾಬೀತುಪಡಿಸಬೇಕಾಯಿತು. ಯೋಜನೆಯ ಹೊಣೆ ಕೃಷಿ ಆಯುಕ್ತರ ಕಚೇರಿಯಿಂದ ಯೋಜನಾ ಇಲಾಖೆಗೆ, ಮುಂದೆ ಪ್ರತ್ಯೇಕ ಗಾಂಜಾ ಇಲಾಖೆಗೆ ವರ್ಗವಾಯಿತು. ರಾಜ್ಯದ ವಾರ್ಷಿಕ ಪರವಾನಗಿಗೆ ಪ್ರತಿ ತೋಟದ ಪರಿಸರ ಪರಿಶೀಲನೆಯೂ ಅಗತ್ಯವಾದುದರಿಂದ ಅರ್ಜಿಗಳು ವರ್ಷಗಟ್ಟಲೆ ಬಾಕಿ ಉಳಿದವು.

2021ರಲ್ಲಿ ದೊಡ್ಡ ಜಮೀನುಗಳಲ್ಲಿ ಹಳೆಯ ಮಿತಿಯನ್ನು ಮೀರಿ ಬೆಳೆಯಲು ಅವಕಾಶ ಕೊಡುವ ಹೊಸ ಶಾಸನವನ್ನು ಮಂಡಳಿ ಅಂಗೀಕರಿಸಿತು. ಆಗ ಬರಗಾಲವಿತ್ತು. ನೀರು ಮತ್ತು ಗ್ರಾಮೀಣ ಪರಿಸರದ ಕಾಳಜಿಯುಳ್ಳ ನಿವಾಸಿಗಳೂ, ದೊಡ್ಡ ಬಂಡವಾಳದ ಪೈಪೋಟಿಗೆ ಅಂಜಿದ ಸಣ್ಣ ಬೆಳೆಗಾರರೂ ಅದನ್ನು ವಿರೋಧಿಸಿದರು. ಜನಾಭಿಪ್ರಾಯಕ್ಕೆ ಒತ್ತಾಯಿಸಿ ಸಾವಿರಾರು ಸಹಿಗಳ ಸಂಗ್ರಹವಾದ ಮೇಲೆ, ಮಂಡಳಿಯು ಅದೇ ವರ್ಷ ಶಾಸನವನ್ನು ಹಿಂಪಡೆಯಿತು. ಸಗಟು ಬೆಲೆಯ ತೀವ್ರ ಕುಸಿತದಿಂದ ಹಲವರು ಕೃಷಿಯನ್ನೇ ತೊರೆದರು. ರಾಜ್ಯವು 2022ರ ಜುಲೈ 1ರಿಂದ ಗಾಂಜಾ ಕೃಷಿ ತೆರಿಗೆಯನ್ನು ರದ್ದುಪಡಿಸಿತು.

ಕೌಂಟಿಯ ಈಶಾನ್ಯದಲ್ಲಿರುವ ರೌಂಡ್ ವ್ಯಾಲಿ ಮೂಲನಿವಾಸಿಗಳ ಮೀಸಲು ಪ್ರದೇಶದಲ್ಲಿ ಜಾರಿಯ ಅಧಿಕಾರ ಯಾರದೆಂಬುದು ವಿವಾದದ ಇನ್ನೊಂದು ಮುಖ. 1953ರ ಒಕ್ಕೂಟ ಕಾನೂನೊಂದು ಮೀಸಲು ಪ್ರದೇಶಗಳಲ್ಲಿ ಅಪರಾಧ ಕಾನೂನನ್ನು ಜಾರಿಗೊಳಿಸುವ ಅಧಿಕಾರವನ್ನು ಕ್ಯಾಲಿಫೋರ್ನಿಯಕ್ಕೆ ನೀಡಿದೆ. ಆದರೆ ನಿಯಂತ್ರಣ ಸ್ವರೂಪದ ನಾಗರಿಕ ಕಾನೂನುಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಪರವಾನಗಿಯ ಮೂಲಕ ಸಕ್ರಮವಾಗಿರುವ ಬೆಳೆಯ ಮೇಲಿನ ನಿರ್ಬಂಧ ಈ ಎರಡರಲ್ಲಿ ಯಾವ ವರ್ಗಕ್ಕೆ ಸೇರುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ. 2024ರ ಜುಲೈನಲ್ಲಿ ನಡೆದ ದಾಳಿಗಳನ್ನು ಪ್ರಶ್ನಿಸಿ ಅಲ್ಲಿನ ಬುಡಕಟ್ಟು 2025ರಲ್ಲಿ ಒಕ್ಕೂಟದ ನ್ಯಾಯಾಲಯದ ಮೊರೆಹೋಯಿತು.