ಪೇಟೆ ಮತ್ತು ದಂಡು: ಬೆಂಗಳೂರಿನ ವಸತಿ ವಿಂಗಡಣೆ ಹಾಗೂ ಭಾಷಾಸಂಪರ್ಕ

ನಗರಗಳ ವಸತಿ ವಿಂಗಡಣೆಯ ಚರ್ಚೆಯಲ್ಲಿ ಥಾಮಸ್ ಶೆಲಿಂಗ್ ಅವರು 1971ರಲ್ಲಿ ವಿಸ್ತರಿಸಿದ ಮಾದರಿ ಮತ್ತೆ ಮತ್ತೆ ಉಲ್ಲೇಖಗೊಳ್ಳುತ್ತದೆ. ನೆರೆಯಲ್ಲಿ ತನ್ನವರು ತೀರ ಕಡಿಮೆಯಾಗಬಾರದೆಂಬ ಸೌಮ್ಯ ಅಪೇಕ್ಷೆ ಮಾತ್ರವಿದ್ದರೂ, ಒಬ್ಬರ ಸ್ಥಳಾಂತರವು ಮತ್ತೊಬ್ಬರನ್ನು ಕದಲಿಸುತ್ತ ಹೋಗಿ, ಯಾರೂ ಬಯಸದಷ್ಟು ತೀವ್ರವಾದ ಪ್ರತ್ಯೇಕತೆ ಮೂಡಬಲ್ಲುದೆಂಬುದು ಅದರ ಸಾರ. ಬೆಂಗಳೂರಿನ ಇತಿಹಾಸಕ್ಕೆ ಇದು ಎಷ್ಟರಮಟ್ಟಿಗೆ ಒಪ್ಪುತ್ತದೆಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಹಳೆಯ ನಗರದ ಸ್ಥಳನಾಮಗಳಲ್ಲಿ ಎರಡು ಬಗೆಗಳು ಕಾಣುತ್ತವೆ. ತಿಗಳರಪೇಟೆ, ಗಾಣಿಗರಪೇಟೆಗಳಲ್ಲಿ ಪೂರ್ವಪದವು ಮಾನವವಾಚಿ ಬಹುವಚನದ ಷಷ್ಠೀ ರೂಪ. ಅಕ್ಕಿಪೇಟೆ, ಬಳೇಪೇಟೆಗಳಲ್ಲಿ ಅದು ಸರಕಿನ ಹೆಸರು. ಮೊದಲನೆಯದು ಸಮುದಾಯವನ್ನು ಸೂಚಿಸಿದರೆ, ಎರಡನೆಯದು ಕೊಳ್ಳಲು ಬಂದವರ ದೃಷ್ಟಿಯನ್ನು ಸೂಚಿಸುತ್ತದೆಂದು ನಾವು ಭಾವಿಸುತ್ತೇವೆ. ವಸತಿ ಬೇರೆಯಾದರೂ ವ್ಯವಹಾರ ಬೇರೆಯಾಗಿರಲಿಲ್ಲ.

1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ಸೇನೆಯನ್ನು ಇಲ್ಲಿಗೆ ಸಾಗಿಸಿ ಪೇಟೆಯ ಈಶಾನ್ಯಕ್ಕೆ ನೆಲೆಗೊಳಿಸಿದರು. ಕನ್ನಡಿಗರು ಆ ಭಾಗವನ್ನು ‘ದಂಡು’ ಎಂದೇ ಕರೆದರು. ಸೈನ್ಯವಾಚಕವೇ ಊರಿನ ಹೆಸರಾಯಿತು. ಸೇನೆಯೊಡನೆ ಬಂದ ತಮಿಳರು ಹಾಗೂ ಇತರ ಭಾಷಿಕರು ಅಲ್ಲಿ ನೆಲೆಸಿದರು. 1881ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಮರಳಿದಾಗಲೂ ದಂಡು ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಎರಡು ಪೌರಾಡಳಿತಗಳು ಒಂದಾದದ್ದು 1949ರಲ್ಲಿ. ಹೀಗೆ ಇಲ್ಲಿನ ಗಡಿಯನ್ನು ಮೊದಲು ಎಳೆದದ್ದು ನಿವಾಸಿಗಳ ಅಪೇಕ್ಷೆಯಲ್ಲ, ಅಧಿಕಾರ. ನೆಂಟಸ್ತಿಕೆ ಮತ್ತು ಭಾಷಾಬಾಂಧವ್ಯಗಳು ಅದನ್ನು ಆಮೇಲೆ ಗಟ್ಟಿಗೊಳಿಸಿರಬೇಕು.

ಆದರೆ ನೆರೆಯೇ ನುಡಿಸಮುದಾಯವೆಂದು ತೀರ್ಮಾನಿಸುವುದು ಸರಿಯಲ್ಲ. ಉತ್ತರ ಭಾರತದ ಒಂದು ಗ್ರಾಮವನ್ನು ಕುರಿತ ಜಾನ್ ಗಂಪರ್ಜ್ ಅವರ 1958ರ ಅಧ್ಯಯನವು, ದುಡಿಮೆಯ ನಿಮಿತ್ತ ಮೇಲ್ಜಾತಿಯವರೊಡನೆ ನಿತ್ಯ ಸಂಪರ್ಕವಿದ್ದರೂ ಅಸ್ಪೃಶ್ಯರೆನಿಸಿಕೊಂಡವರ ನುಡಿ ಭಿನ್ನವಾಗಿಯೇ ಉಳಿದುದನ್ನು ತೋರಿಸಿತು. ನಿರ್ಣಾಯಕವಾದದ್ದು ಸಂಪರ್ಕದ ಪ್ರಮಾಣವಲ್ಲ, ಸ್ನೇಹದ ಸಲುಗೆ.

ಆದುದರಿಂದ ಬಡಾವಣೆಯನ್ನೇ ಮಾದರಿಘಟಕವಾಗಿ ಆರಿಸಿಕೊಳ್ಳುವ ನಗರೋಪಭಾಷಾ ಸಮೀಕ್ಷೆಗಳು, ಯಾರು ಎಲ್ಲಿ ವಾಸಿಸುತ್ತಾರೆಂಬುದರ ಜೊತೆಗೆ ಯಾರು ಯಾರ ಮನೆಯೊಳಗೆ ಕುಳಿತು ಮಾತನಾಡಬಲ್ಲರೆಂಬುದನ್ನೂ ಕೇಳಬೇಕಾಗುತ್ತದೆ. ಇಲ್ಲವಾದರೆ ಹೇರಲ್ಪಟ್ಟ ದೂರವನ್ನು ಆಯ್ದುಕೊಂಡ ಭಿನ್ನತೆಯೆಂದು ನಾವೇ ದಾಖಲಿಸಿದಂತಾದೀತು.